ಎರಡು ಗಂಟೆಗೆ ಸೇತುವೆ ಏಳುತ್ತದೆ

ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳುತ್ತೀರಿ,
ನನಗೆ ಕೇಳುವುದಿಲ್ಲ.
ಪರವಾಗಿಲ್ಲ. ಈ ದೋಣಿ ಹತ್ತಿದವರೆಲ್ಲ ಕೇಳುವುದು
ಅದೇ ನಾಲ್ಕು ಮಾತು: ಏನು ನೋಡಬೇಕು, ಎಲ್ಲಿ ತಿನ್ನಬೇಕು,
ಸೇತುವೆ ಎಷ್ಟು ಹೊತ್ತಿಗೆ ಏಳುತ್ತದೆ,
ಶೌಚಾಲಯ ಎಲ್ಲಿದೆ.
ಹಿಂದೆ, ಎಡಕ್ಕೆ. ಬಾಗಿಲು ತುಸು ಬಿಗಿ.

ನನ್ನ ಹೆಸರು ಮಲ್‌ಸುನ್. ಐದನೆಯ ಹೆಣ್ಣು.
ಇನ್ನು ಸಾಕು ದೇವರೇ ಅಂತ ಅಪ್ಪ ಇಟ್ಟ ಹೆಸರು.
ದೇವರಿಗೂ ಕಿವಿ ಅಷ್ಟಕ್ಕಷ್ಟೇ,
ನನ್ನ ಬೆನ್ನಿಗೇ ಬಿದ್ದಳು ಆರನೆಯವಳು.

ಬೂಸಾನಿಗೆ ಬಂದಿದ್ದೀರಿ, ನೋಡಿ.
ಆ ದಡದಲ್ಲಿ ಜಾಗಲ್ಚಿ ಮೀನು ಮಾರುಕಟ್ಟೆ.
ಕೆಳಗೆ ನೀವು ಬೆರಳಿಟ್ಟು ತೋರಿಸಿದ್ದನ್ನು
ಮೇಲಿನ ಮಹಡಿಯಲ್ಲಿ ಬಡಿಸುತ್ತಾರೆ.
ತಟ್ಟೆಗೆ ಬಂದ ಮೇಲೂ ಆಕ್ಟೋಪಸ್ಸಿನ ತುಂಡು
ನಾಲಗೆಯನ್ನು ಹಿಡಿದುಕೊಳ್ಳುತ್ತದೆ, ಚೆನ್ನಾಗಿ ಅಗಿಯಿರಿ.
ಮೂರನೆಯ ಸಾಲಿನ ಒಕ್‌ಬುನ್‌ಗೆ ನನ್ನ ಹೆಸರು ಹೇಳಿದರೆ
ಒಂದು ಹಿಡಿ ಚಿಪ್ಪು ಹೆಚ್ಚು ಹಾಕುತ್ತಾಳೆ,
ಎರಡು ಬೈಗುಳವನ್ನೂ.

ಗುಡ್ಡದ ಮೇಲೆ ಬಣ್ಣಬಣ್ಣದ ಗಮ್ಚೊನ್.
ಫೋಟೋದಲ್ಲಿ ಚೆಂದ. ಆ ಮೆಟ್ಟಿಲಿಗೆ ಬಣ್ಣ ಬರುವ ಮೊದಲು
ನೀರು ಹೊತ್ತ ಮೊಣಕಾಲುಗಳು ಇನ್ನೂ ಅಲ್ಲೇ ಬಾಳುತ್ತಿವೆ,
ಕಿಟಕಿಯೊಳಗೆ ಇಣುಕಬೇಡಿ.
ಹೇಯುಂದೆ ಕಡಲತೀರಕ್ಕೆ ಹೋಗಿ, ಎಲ್ಲರೂ ಹೋಗುತ್ತಾರೆ,
ಛತ್ರಿಗಳ ಸಂದಿಯಲ್ಲಿ ಎಲ್ಲಾದರೂ ಸಮುದ್ರ ಸಿಕ್ಕೀತು.
ಶರತ್ಕಾಲದಲ್ಲಿ ಬಂದರೆ ಬಾಣಬಿರುಸಿನ ಹಬ್ಬ:
ನಿಮ್ಮಂಥವರು ಬೆಚ್ಚಿಬೀಳುತ್ತೀರಿ,
ನನಗೆ ಬರೀ ಹೂವು.

ಈಗ ಬಲಕ್ಕೆ. ಹಡಗು ರಿಪೇರಿಯ ಕಟ್ಟೆ, ನಮ್ಮ ಕೇರಿ.
ಇದರ ಹೆಸರೇ ಒಂದು ಸದ್ದು: ಕ್ಕಾಂಗ್ ಕ್ಕಾಂಗ್.
ನಿಮ್ಮೂರಿನ ಸುತ್ತಿಗೆ ಹೇಗೆ ಕೂಗುತ್ತದೋ, ನಮ್ಮದು ಹೀಗೆ.
ಒಂದು ಹಲಗೆ, ಎರಡು ಹಗ್ಗ,
ಹಡಗಿನ ಹೊಟ್ಟೆಗೆ ಜೋತುಬಿದ್ದು
ಮುಖಕ್ಕೆ ಟವೆಲು ಬಿಗಿದ ಇಪ್ಪತ್ತು ಹೆಂಗಸರು.
ಅಂಗೈಯಗಲದ ತುಕ್ಕು, ಮತ್ತೆ ಅಂಗೈಯಗಲದ ತುಕ್ಕು.
ರಷ್ಯಾದ ಹಡಗು, ಪನಾಮಾದ ಹಡಗು,
ಲೋಕ ಸುತ್ತದೆಯೇ ಲೋಕದ ಕೊಳೆ ತಿಳಿದವರು ನಾವು.
ಹೊಸ ಬಣ್ಣ ಬಳಿಯುವುದು ಗಂಡಸರ ಕೆಲಸ, ಕೂಲಿಯೂ ಹೆಚ್ಚು.
ಸಂಜೆ ಮನೆಗೆ ಬಂದರೆ
ಅನ್ನದ ಪಾತ್ರೆಯೊಳಗೂ ಸುತ್ತಿಗೆ, ದಿಂಬಿನೊಳಗೂ ಸುತ್ತಿಗೆ.
ಒಂದು ದಿನ ಮಗಳು ಅಮ್ಮಾ ಅಂದಳು.
ಬಾಯಿ ತೆರೆದದ್ದು ಕಂಡಿತು, ಅಷ್ಟೇ.

ಅದಕ್ಕೀಗ ಒಂದು ಮ್ಯೂಸಿಯಂ ಇದೆ, ಪುಟ್ಟದು.
ಗಾಜಿನೊಳಗೆ ನನ್ನ ಸುತ್ತಿಗೆ. ಮುಟ್ಟುವಂತಿಲ್ಲ. ನಾನೂ.
ಹೆಡ್‌ಫೋನು ಹಾಕಿಕೊಂಡರೆ ಆ ಕಾಲದ ಸದ್ದು ಬರುತ್ತದಂತೆ.
ಹತ್ತು ಸೆಕೆಂಡಿಗೆಲ್ಲ ತೆಗೆದಿಟ್ಟುಬಿಡುತ್ತಾರೆ,
ನಾನು ಎಣಿಸಿದ್ದೇನೆ.

ನೋಡಿ, ನೋಡಿ, ಎರಡು ಗಂಟೆ. ಶನಿವಾರ.
ಬಸ್ಸುಗಳು ನಿಂತವು. ಸೇತುವೆ ತನ್ನ ಒಂದು ಮಗ್ಗುಲನ್ನು
ರಸ್ತೆಯ ಬಿಳಿಗೆರೆಗಳ ಸಮೇತ ಎತ್ತುತ್ತಿದೆ.
ಯುದ್ಧದಲ್ಲಿ ಚೆದುರಿದವರು, ಬದುಕಿದ್ದರೆ
ಆ ಸೇತುವೆ ಹತ್ತಿರ ಸಿಗೋಣ, ಅಂದುಕೊಂಡದ್ದು ಇದನ್ನೇ;
ಬೂಸಾನಿನಲ್ಲಿ ಅವರಿಗೆ ಗೊತ್ತಿದ್ದ ಹೆಸರು ಇದೊಂದೇ.
ಅವ್ವ ಏಳು ವರ್ಷ ಇಲ್ಲಿ ಬಂದು ನಿಂತಳು, ತಂಗಿಗಾಗಿ.
ಬಂದವರೆಲ್ಲ ಬೇರೆ ಯಾರದೋ ತಂಗಿಯರು.
ಕೊನೆಗೆ ಅವರಲ್ಲೇ ಒಬ್ಬಳನ್ನು ಊಟಕ್ಕೆ ಕರೆತಂದಳು.
ಊಟಕ್ಕೆ ಬಂದವಳು ಹನ್ನೆರಡು ವರ್ಷ ಇದ್ದಳು.
ಒಕ್‌ಬುನ್ ಅವಳ ಮಗಳು.

ಸೈರನ್ನು ಮೊಳಗುತ್ತಿರಬೇಕು,
ನಿಮ್ಮ ಮಗು ಕಿವಿ ಮುಚ್ಚಿಕೊಂಡಿದೆ.
ನನಗೆ ದೋಣಿಯ ಹಲಗೆ ನಡುಗುವುದು ಗೊತ್ತಾಗುತ್ತದೆ,
ಅಂಗಾಲಿನಿಂದ ಹತ್ತಿ ಹಲ್ಲಿನ ಬುಡದವರೆಗೆ.
ಚಪ್ಪಲಿ ಬಿಟ್ಟು ನಿಲ್ಲಿ,
ನಿಮಗೂ ಗೊತ್ತಾಗಬಹುದು.

ಇಳಿಯುವಾಗ ಜೋಪಾನ, ಕಟ್ಟೆ ಜಾರುತ್ತದೆ.
ಒಕ್‌ಬುನ್ ಆರಕ್ಕೆ ಅಂಗಡಿ ಮುಚ್ಚುತ್ತಾಳೆ.